ಪಾಟರಿ ಟೌನ್‌ನ ನಲ್ಲಿ ಮಡಕೆ: ಒಂದು ಬೇಸಿಗೆ ಪೂರ್ತಿ ಪಾನಕ, ಮಜ್ಜಿಗೆ ಮಾಡಿದ ಮೇಲೆ

ಮಾರ್ಚ್ ಎರಡನೇ ವಾರ ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ಗೆ ಹೋಗಿ ಎರಡು ಮಣ್ಣಿನ ಪಾತ್ರೆ ತಂದೆ. ಒಂದು ನಲ್ಲಿ ಇಟ್ಟ ಹತ್ತು ಲೀಟರ್ ಮಡಕೆ, ಮುಚ್ಚಳ ಸೇರಿ 450 ರೂಪಾಯಿ. ಇನ್ನೊಂದು ಅರ್ಧ ಲೀಟರ್ ಹಿಡಿಯುವ ಮೊಸರಿನ ಕುಡಿಕೆ, 80 ರೂಪಾಯಿ. ಈಗ ಮೇ ಕೊನೆ. ಎರಡೂವರೆ ತಿಂಗಳಿಂದ ದಿನಾ ಬಳಸುತ್ತಿದ್ದೇನೆ. ನಮ್ಮ ಮನೆಯ ಪಾನಕ, ಮಜ್ಜಿಗೆ, ಶರಬತ್ತು ಎಲ್ಲ ಇದರ ನೀರಿನಲ್ಲೇ ಆಗಿದೆ. ನಮ್ಮ ಬಿಲ್ಡಿಂಗ್‌ನಲ್ಲಿ ನಾಲ್ಕು ಮನೆಯವರು "ತಗೊಳ್ಳಬಹುದಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಧಾರಾಳವಾಗಿ ತಗೊಳ್ಳಿ. ಆದರೆ ಫ್ರಿಡ್ಜ್ ಬದಲು ಅಂತ ತಗೋಬೇಡಿ, ಪಾನಕದ ರುಚಿಗೆ ಅಂತ ತಗೊಳ್ಳಿ.

ರುಚಿಯ ಮಾತು ಯಾಕೆ ಬಂತು ಅಂದರೆ, ಫ್ರಿಡ್ಜ್ ನೀರು ತೀರಾ ತಣ್ಣಗಿರುತ್ತದೆ. ಅಷ್ಟು ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಸರಿಯಾಗಿ ಹತ್ತುವುದೇ ಇಲ್ಲ. ಕರಗಿ ಬೆಚ್ಚಗಾದ ಐಸ್‌ಕ್ರೀಂ ಒಂದು ಚಮಚ ಬಾಯಿಗೆ ಹಾಕಿ ನೋಡಿ, ಅದೇ ಐಸ್‌ಕ್ರೀಂ ಆದರೂ ವಿಪರೀತ ಸಿಹಿ ಅನಿಸುತ್ತದೆ. ನಾನು ಇಷ್ಟು ವರ್ಷ ಪಾನಕಕ್ಕೆ ಲೀಟರಿಗೆ 150 ಗ್ರಾಂ ಬೆಲ್ಲ ಹಾಕುತ್ತಿದ್ದೆ, ಆದರೂ ಮಗಳು "ಸಪ್ಪೆ" ಅನ್ನುತ್ತಿದ್ದಳು. ಮಡಕೆ ನೀರಿನಲ್ಲಿ 100 ಗ್ರಾಂ ಸಾಕು. ಶುಂಠಿಯ ಖಾರ, ಏಲಕ್ಕಿಯ ಘಮ, ಮೆಣಸಿನ ಚುರುಕು ಎಲ್ಲ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಗಂಟಲು ಹಿಡಿಯುವುದಿಲ್ಲ. ಹಲ್ಲು ಜುಮ್ ಅನ್ನುವುದಿಲ್ಲ.

ಇದಕ್ಕೆ ಮೊದಲು ಒಂದು ಸಲ ಮೋಸ ಹೋಗಿದ್ದೆ, ಅದನ್ನೂ ಹೇಳಬೇಕು. ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಮಡಕೆ ತರಿಸಿದ್ದೆ. 1,199 ರೂಪಾಯಿ. ನೋಡಲು ಬಹಳ ಚೆಂದ. ಹೊರಗೆಲ್ಲ ಕೆಂಪು ಬಣ್ಣ, ಅದರ ಮೇಲೆ ಬಿಳಿ ಹೂಬಳ್ಳಿ, ಮೇಲೆ ಹೊಳೆಯುವ ವಾರ್ನಿಷ್. ನೀರು ತುಂಬಿಸಿ ಒಂದು ರಾತ್ರಿ ಇಟ್ಟೆ, ಎರಡು ರಾತ್ರಿ ಇಟ್ಟೆ. ಸ್ಟೀಲ್ ಡ್ರಮ್‌ನಲ್ಲಿದ್ದ ನೀರಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಫೋನ್ ಮಾಡಿದರೆ "ಮಣ್ಣಿನದೇ ಮೇಡಂ, ಬೇಕಿದ್ದರೆ ಒಡೆದು ನೋಡಿ" ಅಂದರು. ಮಣ್ಣಿನದೇ ನಿಜ. ಆದರೆ ಮಡಕೆ ತಣ್ಣಗೆ ಮಾಡುವುದು ಮಣ್ಣು ಅನ್ನುವ ಕಾರಣಕ್ಕಲ್ಲ, ಅದರ ಮೈಯಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ. ನೀರು ಆ ರಂಧ್ರದಲ್ಲಿ ಜಿನುಗಿ ಹೊರಗೆ ಬಂದು ಗಾಳಿಗೆ ಆರುತ್ತದೆ. ಆರುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಮೈ ಬೆವರಿದಾಗ ಗಾಳಿ ಬೀಸಿದರೆ ತಂಪಾಗುತ್ತದಲ್ಲ, ಅದೇ ಲೆಕ್ಕ. ಬಣ್ಣ, ವಾರ್ನಿಷ್ ಬಳಿದರೆ ಆ ರಂಧ್ರ ಮುಚ್ಚಿ ಹೋಗುತ್ತದೆ, ಮಡಕೆ ಬೆವರುವುದೇ ಇಲ್ಲ. ಆ ಮಡಕೆಯಲ್ಲಿ ಈಗ ಒಂದೆಲಗ ಬೆಳೆಯುತ್ತಿದೆ.

ಅದಾದ ಮೇಲೆ ಅಮ್ಮ ಹೇಳಿದರು, "ಮಡಕೆನ ಯಾರಾದ್ರೂ ಫೋಟೋ ನೋಡಿ ತಗೋತಾರೇನೇ? ತಟ್ಟಿ ನೋಡಿ ತಗೋಬೇಕು." ಅಮ್ಮ ಶಿರಾ ಕಡೆಯವರು. ಅವರ ಊರಲ್ಲಿ ಸಂತೆಯಲ್ಲಿ ಮಡಕೆ ತಟ್ಟಿ ತಟ್ಟಿ ನೋಡಿಯೇ ತರುತ್ತಿದ್ದದ್ದು. ಹಾಗಾಗಿ ಈ ಸಲ ಅವರನ್ನೇ ಕರೆದುಕೊಂಡು ಹೋದೆ. ನಾವಿರುವುದು ತ್ಯಾಗರಾಜನಗರದಲ್ಲಿ. ಪಾಟರಿ ಟೌನ್ ಊರಿನ ಆ ಕಡೆ, ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್, ಬೆನ್ಸನ್ ಟೌನ್ ಹತ್ತಿರ. ಶಿವಾಜಿನಗರದ ತನಕ ಬಸ್, ಅಲ್ಲಿಂದ ಆಟೋ. ದೂರ ಅನಿಸಿತು, ಆದರೆ ಬಂದಿದ್ದು ಸಾರ್ಥಕ. ಕುಂಬಾರರ ಮನೆಗಳೇ ಅಂಗಡಿಗಳು, ಮನೆ ಮುಂದೆಯೇ ಮಡಕೆ, ಹೂಜಿ, ಕುಡಿಕೆ, ಗಿಡದ ಕುಂಡ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಗೌರಿ-ಗಣೇಶ ಹತ್ತಿರ ಬಂದಾಗ ಹೋದರೆ ಎಲ್ಲ ಕಡೆ ಗಣೇಶನೇ ಇರುತ್ತಾನೆ. ಮಡಕೆ ಬೇಕಾದರೆ ಬೇಸಿಗೆಯ ಶುರುವಿನಲ್ಲೇ ಹೋಗಿ.

ನಾವು ಕೊಂಡ ಅಂಗಡಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಆನ್‌ಲೈನ್ ಮಡಕೆಯ ಕಥೆ ಹೇಳಿದ ಕೂಡಲೇ ಪಕ್ಕದ ಬಕೆಟ್‌ನಲ್ಲಿ ಅಂಗೈ ಅದ್ದಿ ಒಂದು ಮಡಕೆಯ ಹೊಟ್ಟೆಗೆ ಪಟ್ಟನೆ ಒತ್ತಿದರು. ಒದ್ದೆ ಕೈ ಗುರುತು ಐದು ಬೆರಳಿನ ಸಮೇತ ಮೂಡಿತು. ನೋಡ್ತಾ ನೋಡ್ತಾ ಬೆರಳ ತುದಿಯಿಂದ ಮಾಯವಾಗುತ್ತಾ ಬಂತು, ನೀರು ಕೆಳಗೆ ಇಳಿಯಲಿಲ್ಲ, ಒಂದು ಹನಿಯೂ ಉರುಳಲಿಲ್ಲ, ಮಣ್ಣು ಹಾಗೇ ಕುಡಿದುಬಿಟ್ಟಿತು. "ಇದು ಕುಡಿಯುತ್ತಮ್ಮ. ಕುಡಿಯೋ ಮಡಕೆನೇ ತಣ್ಣಗಿಡೋದು" ಅಂದರು. ನನಗೆ ಅಷ್ಟು ಸಾಕಾಗಿತ್ತು. ಅಮ್ಮ ಮಾತ್ರ ಬಿಡಲಿಲ್ಲ, ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ ನೋಡಿದರು. ಠಣ್ ಅಂದರೆ ಚೆನ್ನಾಗಿ ಬೆಂದಿದೆ ಅಂತ. ದಬ್ ಅಂತ ಒಡಕು ಸದ್ದು ಬಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಅಂತ. ಮೂರು ಬದಿಗಿಟ್ಟು ನಾಲ್ಕನೆಯದು ಒಪ್ಪಿದರು. ಕೆಳಗಿಡಲು ಕಬ್ಬಿಣದ ಸ್ಟ್ಯಾಂಡ್ ಬೇಕಾ ಅಂತ ಅಜ್ಜಿ ಕೇಳಿದರು. 250 ರೂಪಾಯಿ. ಇದನ್ನು ತಗೊಳ್ಳಿ ಅಂತಲೇ ನನ್ನ ಸಲಹೆ. ಮೊದಲ ವಾರ ಹಣ ಉಳಿಸಲು ಬಟ್ಟೆ ಸಿಂಬೆ ಮಾಡಿ ಕಟ್ಟೆ ಮೇಲಿಟ್ಟೆ. ನಲ್ಲಿ ಕೆಳಗೆ ಲೋಟ ಹಿಡಿಯಲು ಜಾಗ ಇರಲಿಲ್ಲ, ಸಿಂಬೆ ಸದಾ ಒದ್ದೆ. ಕೊನೆಗೆ ಇಲ್ಲೇ ಹತ್ತಿರದಲ್ಲಿ ಸ್ಟ್ಯಾಂಡ್ ತಂದೆ, ಜಾಸ್ತಿ ದುಡ್ಡು ಕೊಟ್ಟು.

ತಂದ ದಿನವೇ ನೀರು ಕುಡಿಯಲು ಆಗುವುದಿಲ್ಲ. ಒಂದು ಪೂರ್ತಿ ದಿನ ದೊಡ್ಡ ಟಬ್‌ನಲ್ಲಿ ಮುಳುಗಿಸಿಡಬೇಕು. ಬುಳುಬುಳು ಅಂತ ಗುಳ್ಳೆ ಏಳುತ್ತಿರುತ್ತದೆ, ಅದು ನಿಂತ ಮೇಲೆ ತೆಗೆಯಬೇಕು. ಆಮೇಲೆ ಮೂರು ದಿನ ನೀರು ತುಂಬಿಸುವುದು, ಚೆಲ್ಲುವುದು. ಮೊದಲ ದಿನದ ನೀರಿಗೆ ಮೊದಲ ಮಳೆ ಬಿದ್ದ ನೆಲದ ವಾಸನೆ, ಮೂಸಲು ಬಹಳ ಹಿತ, ಕುಡಿದರೆ ಬೂದಿ ಬೂದಿ. ನಾಲ್ಕನೇ ದಿನಕ್ಕೆ ಸರಿಹೋಯಿತು. ಚೆಲ್ಲುವುದು ಅಂದೆ, ಆದರೆ ನಾನು ಒಂದು ಹನಿಯೂ ಮೋರಿಗೆ ಬಿಟ್ಟಿಲ್ಲ, ಎಲ್ಲ ಗಿಡಕ್ಕೆ ಹೋಯಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದು ಕೂತವರಿಗೆ ಬೆಂಗಳೂರಲ್ಲಿ ನೀರು ಚೆಲ್ಲಲು ಕೈ ಬರುವುದಿಲ್ಲ.

ಎಷ್ಟು ತಂಪಾಗುತ್ತದೆ ಅನ್ನುವುದು ಎಲ್ಲರ ಪ್ರಶ್ನೆ. ಅಂದಾಜಿನಲ್ಲಿ ಹೇಳುವುದು ಬೇಡ ಅಂತ ಏಪ್ರಿಲ್‌ನಲ್ಲಿ ಮಗಳಿಗೆ ಒಂದು ಅಡುಗೆ ಥರ್ಮಾಮೀಟರ್ ಕೊಟ್ಟೆ. ರಜೆಯಲ್ಲಿದ್ದಳು, ನಾಲ್ಕು ದಿನ ಮಧ್ಯಾಹ್ನ ಎರಡು ಗಂಟೆಗೆ ಅಳೆದು ಬರೆದಿಟ್ಟಳು. ಅಡುಗೆಮನೆ 32 ಡಿಗ್ರಿ ಇದ್ದಾಗ ಫಿಲ್ಟರ್ ನೀರು 30, ಮಡಕೆ ನೀರು 24. ಕಿಟಕಿಯ ಪಕ್ಕ, ಬಿಸಿಲು ಬೀಳದ, ಗಾಳಿಯಾಡುವ ಜಾಗಕ್ಕೆ ಸರಿಸಿದ ಮೇಲಿನ ಲೆಕ್ಕ ಇದು. ಅದಕ್ಕೆ ಮೊದಲು ಮೂಲೆಯಲ್ಲಿಟ್ಟಾಗ 26ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಇಟ್ಟ ಜಾಗಕ್ಕೇ ಎರಡು ಡಿಗ್ರಿ ವ್ಯತ್ಯಾಸ. ಒಂದು ಗ್ರಾಂ ನೀರು ಆರಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಂದರೆ 100 ಮಿಲಿ, ಅರ್ಧ ಲೋಟದಷ್ಟು ನೀರು ಹೊರಮೈಯಿಂದ ಆರಿದರೆ ಹತ್ತು ಲೀಟರ್ ನೀರು ಐದಾರು ಡಿಗ್ರಿ ಇಳಿಯುವಷ್ಟು ಶಾಖ ಹೋಗುತ್ತದೆ. ಈ ಲೆಕ್ಕ ಹಾಕಿದಾಗ ಅವಳಿಗಿಂತ ನನಗೇ ಖುಷಿಯಾಯಿತು. ಹೊರಗಿನ ಸೆಕೆ ಮತ್ತೆ ಒಳಗೆ ನುಗ್ಗುತ್ತಲೇ ಇರುತ್ತದೆ, ಅದಕ್ಕೆ ಮಡಕೆ ಇಡೀ ದಿನ ಬೆವರುತ್ತಲೇ ಇರಬೇಕು. ನಮ್ಮ ಮಡಕೆ ದಿನಕ್ಕೆ ಸುಮಾರು ಅರ್ಧ ಲೀಟರ್ ಹೀಗೆ ಕಳೆದುಕೊಳ್ಳುತ್ತದೆ.

ಬೆಂಗಳೂರಿಗೆ ಮಡಕೆ ಹೇಳಿ ಮಾಡಿಸಿದ್ದು. ನಮ್ಮ ಮಾರ್ಚ್, ಏಪ್ರಿಲ್ ಒಣ ಸೆಕೆ. ಮಂಗಳೂರಿನ ಹಾಗೆ ಮೈಯೆಲ್ಲ ಅಂಟು ಅಂಟು ಆಗುವುದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದಲ್ಲಿ 39.2 ಡಿಗ್ರಿ ದಾಖಲಾಯಿತು, ಆಗಲೂ ನಮ್ಮದು ಒಣ ಬಿಸಿಲೇ. ಗಾಳಿ ಒಣಗಿದಷ್ಟೂ ಮಡಕೆಗೆ ಕೆಲಸ ಸುಲಭ. ಮೇ ತಿಂಗಳಲ್ಲಿ ಸಂಜೆ ಮಳೆ ಶುರುವಾದ ಮೇಲೆ ನೀರು ಅಷ್ಟು ತಣ್ಣಗಾಗಲಿಲ್ಲ. ಮಳೆ ಹುಯ್ದ ಮರುದಿನ ಅಳೆದರೆ ಸುತ್ತಲಿನ ಗಾಳಿಗಿಂತ ಎರಡೇ ಡಿಗ್ರಿ ಕಡಿಮೆ. ಮಡಕೆ ಕೆಟ್ಟಿತು ಅಂದುಕೊಳ್ಳಬೇಡಿ, ಗಾಳಿಯಲ್ಲಿ ತೇವ ಜಾಸ್ತಿಯಾಗಿದೆ ಅಷ್ಟೇ.

ಈಗ ಪಾನಕಕ್ಕೆ ಬರುತ್ತೇನೆ. ಒಂದು ಲೀಟರ್ ಮಡಕೆ ನೀರಿಗೆ 100 ಗ್ರಾಂ ಬೆಲ್ಲ, ಅರ್ಧ ಚಮಚ ಒಣಶುಂಠಿ ಪುಡಿ, ನಾಲ್ಕು ಏಲಕ್ಕಿ, ಆರು ಕಾಳು ಮೆಣಸು, ಒಂದು ನಿಂಬೆಹಣ್ಣು, ಚಿಟಿಕೆ ಉಪ್ಪು. ಬೆಲ್ಲವನ್ನು ಮೊದಲು ಒಂದು ಲೋಟ ನೀರಿನಲ್ಲಿ ನೆನೆಸಿ ಕರಗಿಸಿ ಬಟ್ಟೆಯಲ್ಲಿ ಸೋಸಲೇಬೇಕು, ಎಷ್ಟೇ ಒಳ್ಳೆಯ ಬೆಲ್ಲ ಆದರೂ ತಳದಲ್ಲಿ ಮರಳು, ಕಬ್ಬಿನ ನಾರು ಇದ್ದೇ ಇರುತ್ತದೆ. ತೀರಾ ಹಳದಿಯಾಗಿ ಹೊಳೆಯುವ ಬೆಲ್ಲ ನಾನು ತರುವುದಿಲ್ಲ. ಕಂದು ಬಣ್ಣದ ಮಂಡ್ಯದ ಅಚ್ಚು ಬೆಲ್ಲ ತರುತ್ತೇನೆ, ಮಲೆನಾಡಿನ ಜೋನಿ ಬೆಲ್ಲ ಸಿಕ್ಕಿದರೆ ಇನ್ನೂ ಒಳ್ಳೆಯದು. ಮೆಣಸು, ಏಲಕ್ಕಿಯನ್ನು ಕುಟ್ಟಾಣಿಯಲ್ಲಿ ಆಗಷ್ಟೇ ಕುಟ್ಟಿ ಹಾಕಿ. ಡಬ್ಬಿಯಲ್ಲಿ ತಿಂಗಳಾನುಗಟ್ಟಲೆ ಕೂತ ಪುಡಿ ಹಾಕಿದರೆ ಮಡಕೆ ತಂದೂ ಪ್ರಯೋಜನ ಇಲ್ಲ. ನಿಂಬೆ ಕೊನೆಗೆ ಹಿಂಡಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಬೆಲ್ಲವೂ ಸಕ್ಕರೆಯೇ ತಾನೇ, ಹಾಗಾಗಿ ಅವರಿಗೆ ಪಾನಕ ಎರಡು ಗುಟುಕು ರುಚಿಗೆ ಮಾತ್ರ, ಆಮೇಲೆ ಮಜ್ಜಿಗೆ.

ರಾಮನವಮಿಯ ದಿನ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಹದಿನೈದು ಜನ ಬರುವವರಿದ್ದರು. ನಲ್ಲಿ ಹೇಗೂ ಇದೆಯಲ್ಲ, ಅವರವರೇ ಹಿಡಿದುಕೊಳ್ಳಲಿ ಅಂತ ಪಾನಕವನ್ನು ಮಡಕೆಯಲ್ಲೇ ಮಾಡಿಬಿಟ್ಟೆ. ಆ ದಿನ ಎಲ್ಲರೂ ಹೊಗಳಿದರು. ಮೂರನೇ ದಿನ ಮಡಕೆ ನೀರು ಕುಡಿದರೆ ಹುಳಿ ಹುಳಿ, ಕೈ ಹಾಕಿ ನೋಡಿದರೆ ಒಳಮೈ ಲೋಳೆ ಲೋಳೆ. ನೀರು ಹೋದ ರಂಧ್ರದಲ್ಲೇ ಬೆಲ್ಲವೂ ಹೋಗಿ ಕೂತಿತ್ತು, ಅಲ್ಲೇ ಹುಳಿಯುತ್ತಿತ್ತು. ಸೋಪು ಹಾಕಿ ತೊಳೆಯುವಂತಿಲ್ಲ, ಮಣ್ಣು ಸೋಪನ್ನೂ ಕುಡಿಯುತ್ತದೆ. ಬಿಸಿನೀರು, ಕಲ್ಲುಪ್ಪು, ತೆಂಗಿನ ನಾರು, ಇಷ್ಟರಲ್ಲೇ ಉಜ್ಜಿ ಉಜ್ಜಿ ತೊಳೆದು ಟೆರೇಸ್ ಮೇಲೆ ಎರಡು ದಿನ ಬಿಸಿಲಿಗಿಟ್ಟೆ. ಮತ್ತೆ ನೀರು ತುಂಬಿಸಿ ಚೆಲ್ಲುವ ಕೆಲಸ. ವಾಸನೆ ಪೂರ್ತಿ ಹೋಗಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಉರಿಬಿಸಿಲಿನಲ್ಲಿ ಮಡಕೆ ನೀರಿಲ್ಲದೆ ಇದ್ದಾಗಲೇ ಅದು ಎಷ್ಟು ರೂಢಿಯಾಗಿದೆ ಅಂತ ಗೊತ್ತಾಗಿದ್ದು. ದಯವಿಟ್ಟು ನೆನಪಿಟ್ಟುಕೊಳ್ಳಿ, ಮಡಕೆಯಲ್ಲಿ ನೀರು ಮಾತ್ರ. ಪಾನಕ, ಶರಬತ್ತು, ಪುನರ್ಪುಳಿ, ಯಾವುದೇ ಹುಳಿ ಅಥವಾ ಸಿಹಿ ಆಗಲಿ, ಸ್ಟೀಲ್ ಪಾತ್ರೆಯಲ್ಲಿ ಅಥವಾ ಗಾಜಿನ ಜಗ್‌ನಲ್ಲಿ ಬೆರೆಸಿ.

ಲಾವಂಚಕ್ಕೆ ಮಾತ್ರ ನಾನು ವಿನಾಯಿತಿ ಕೊಟ್ಟಿದ್ದೇನೆ. ಗ್ರಂಧಿಗೆ ಅಂಗಡಿಯಲ್ಲಿ ಬೇರಿನ ಕಟ್ಟು ಸಿಗುತ್ತದೆ. ಮಣ್ಣು ಹೋಗುವ ತನಕ ತೊಳೆದು, ಬಿಳಿ ಬಟ್ಟೆಯಲ್ಲಿ ಕಟ್ಟಿ ಮಡಕೆಗೆ ಇಳಿಬಿಟ್ಟರೆ ಸಂಜೆಗೆ ನೀರಿಗೆ ತೆಳ್ಳಗೆ ಘಮ. ಮೂರು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಬೇಕು. ಮಗಳಿಗೆ ಇಷ್ಟವಾಗಲಿಲ್ಲ, ನನಗೆ ಇದಿಲ್ಲದೆ ಆಗುವುದಿಲ್ಲ.

ಈ ಬೇಸಿಗೆಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ಬೇಲದ ಹಣ್ಣಿನ ಪಾನಕ. ರಾಮನವಮಿ ಆಸುಪಾಸಿನಲ್ಲಿ ಗಾಂಧಿ ಬಜಾರ್‌ನಲ್ಲಿ ರಾಶಿ ಹಾಕಿರುತ್ತಾರೆ, ನಾನು ತಂದಾಗ ಒಂದಕ್ಕೆ 30 ರೂಪಾಯಿ. ಹಣ್ಣಾಗಿದೆಯೋ ಇಲ್ಲವೋ ಬಣ್ಣ ನೋಡಿ ಗೊತ್ತಾಗುವುದಿಲ್ಲ. ಒಂದಡಿ ಮೇಲಿಂದ ನೆಲಕ್ಕೆ ಬಿಡಿ. ಪುಟಿದರೆ ಕಾಯಿ, ದೊಪ್ಪನೆ ಬಿದ್ದು ಅಲ್ಲೇ ಕೂತರೆ ಹಣ್ಣು. ಚಿಪ್ಪು ಕಲ್ಲಿನ ಹಾಗೆ ಗಟ್ಟಿ, ಸುತ್ತಿಗೆಯಲ್ಲಿ ಒಂದೇಟು ಹಾಕಿ ಬಿಡಿಸಬೇಕು. ಒಳಗೆ ಕಂದು ತಿರುಳು, ಬೆಲ್ಲಕ್ಕೆ ಹುಣಸೆ ಬೆರೆತ ಥರದ ವಾಸನೆ, ಮನೆ ತುಂಬ ಹರಡುತ್ತದೆ. ತಿರುಳಿಗೆ ಒಂದು ಲೋಟ ಮಡಕೆ ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಕೈಯಲ್ಲೇ ಕಿವುಚಬೇಕು. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಒಗರಾಗುತ್ತದೆ. ಜಾಲರಿಯಲ್ಲಿ ಸೋಸಿ, ಇನ್ನೊಂದು ಲೋಟ ನೀರು, ಒಂದು ಹಣ್ಣಿಗೆ 60 ಗ್ರಾಂ ಬೆಲ್ಲ, ಎರಡು ಏಲಕ್ಕಿ. ನಿಂಬೆ ಬೇಡ, ಹಣ್ಣಿನ ಹುಳಿಯೇ ಸಾಕು. ಇದನ್ನು ಫ್ರಿಡ್ಜ್‌ನಲ್ಲೂ ಇಟ್ಟು ನೋಡಿದೆ, ಮಡಕೆ ನೀರಿನದನ್ನೂ ಆಗಷ್ಟೇ ಮಾಡಿ ಪಕ್ಕದಲ್ಲಿಟ್ಟು ಕುಡಿದೆ. ಫ್ರಿಡ್ಜ್‌ನಿಂದ ತೆಗೆದದ್ದಕ್ಕೆ ಆ ಘಮವೇ ಇಲ್ಲ, ಸುಮ್ನೆ ಹುಳಿಸಿಹಿ ನೀರು. ಎರಡು ಲೋಟ ಪಕ್ಕಪಕ್ಕ ಇಟ್ಟು ಕುಡಿದ ಆ ಮಧ್ಯಾಹ್ನದಿಂದ ನಮ್ಮ ಮನೆಯಲ್ಲಿ ಪಾನಕಕ್ಕೆ ಐಸ್ ಹಾಕುವುದು ನಿಂತಿದೆ.

ಮೊಸರಿನ ಕುಡಿಕೆ ಬಗ್ಗೆ ದೂರೇ ಇಲ್ಲ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಗ್ಗೆ ಚಾಕುವಿನಲ್ಲಿ ಕತ್ತರಿಸುವ ಹಾಗೆ ಗಟ್ಟಿ ಮೊಸರು. ಹೆಚ್ಚಿನ ನೀರನ್ನು ಮಣ್ಣು ಎಳೆದುಕೊಳ್ಳುತ್ತದೆ, ಅದಕ್ಕೆ ಕುಡಿಕೆ ಕೆಳಗೊಂದು ತಟ್ಟೆ ಇಡಿ. ಒಂದು ಲೋಟ ಮೊಸರಿಗೆ ಮೂರು ಲೋಟ ಮಡಕೆ ನೀರು, ಕಡೆಗೋಲಿನಲ್ಲಿ ನೊರೆ ಬರುವ ತನಕ ಕಡೆದು, ಕರಿಬೇವು, ಕೊತ್ತಂಬರಿ, ಶುಂಠಿ, ಅರ್ಧ ಹಸಿಮೆಣಸಿನಕಾಯಿ, ಉಪ್ಪು ಎಲ್ಲ ಜಜ್ಜಿ ಹಾಕಿ, ಚಿಟಿಕೆ ಇಂಗು. ದಿನಾ ಹನ್ನೊಂದು ಗಂಟೆಗೆ ಇದೇ ನಮ್ಮ ಮನೆಯ ಕುಡಿಯುವ ಹೊತ್ತು. ಕುಡಿಕೆಯನ್ನು ಮಾತ್ರ ಪ್ರತಿ ಸಲ ಕುದಿಯುವ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು, ಇಲ್ಲದಿದ್ದರೆ ಮಾರನೇ ದಿನ ಮೊಸರು ವಿಪರೀತ ಹುಳಿ. ಎರಡು ಕುಡಿಕೆ ಇದ್ದರೆ ಅದಲು ಬದಲು ಮಾಡಿಕೊಳ್ಳಬಹುದು. ನಾನು ಒಂದೇ ತಂದು ಪೇಚಾಡಿದೆ.

ಮಡಕೆಯ ದೊಡ್ಡ ಕೊರತೆ ಅಂದರೆ ಆ ನಲ್ಲಿ. ಮಣ್ಣಿಗೂ ಪ್ಲಾಸ್ಟಿಕ್ ನಲ್ಲಿಗೂ ಸರಿಯಾದ ಜೋಡಣೆ ಆಗುವುದೇ ಇಲ್ಲ. ಮೂರನೇ ವಾರ ತೊಟ್ಟಿಕ್ಕಲು ಶುರುವಾಯಿತು, ಬೆಳಗ್ಗೆ ಎದ್ದರೆ ಕಟ್ಟೆಯೆಲ್ಲ ನೀರು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ರಬ್ಬರ್ ವಾಷರ್ ತಂದು ಒಳಗೊಂದು ಹೊರಗೊಂದು ಹಾಕಿ ಕೈಯಲ್ಲೇ ಬಿಗಿ ಮಾಡಿದೆ, ನಿಂತಿತು. ಸ್ಪ್ಯಾನರ್ ಹಾಕಿ ತಿರುಗಿಸಬೇಡಿ, ಮಡಕೆ ಬಿರುಕು ಬಿಡುತ್ತದೆ. ಇಷ್ಟು ಚೆನ್ನಾಗಿ ಮಡಕೆ ಮಾಡುವವರು ಇನ್ನೂ ಐವತ್ತು ರೂಪಾಯಿ ಹೆಚ್ಚು ತಗೊಂಡು ಒಳ್ಳೆಯ ಸ್ಟೀಲ್ ನಲ್ಲಿ ಹಾಕಿ ಕೊಟ್ಟರೆ ನಾನಂತೂ ಸಂತೋಷವಾಗಿ ಕೊಡುತ್ತೇನೆ. ತುಂಬಿದ ಮಡಕೆ ಹದಿಮೂರು ಹದಿನಾಲ್ಕು ಕೆಜಿ ಆಗುತ್ತದೆ, ಎತ್ತಿಡುವ ಯೋಚನೆ ಬೇಡ, ಇಟ್ಟಲ್ಲೇ ತಂಬಿಗೆಯಿಂದ ತುಂಬಿಸಿ.

ಇನ್ನೊಂದು ವಿಷಯ ಬೋರ್‌ವೆಲ್ ನೀರಿನ ಮನೆಯವರಿಗೆ. ನಮಗೆ ಕಾವೇರಿ ನೀರು ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ. ಒಂದು ವಾರ ಬಾರದೆ ಬೋರ್ ನೀರು ತುಂಬಿಸಿದಾಗ ಮಡಕೆಯ ಹೊರಗೆ ಬಿಳಿ ಪೊರೆ ಕಟ್ಟಿತು. ಅದು ಗಡಸು ನೀರಿನ ಲವಣ. ನೀರು ಆರುತ್ತದೆ, ಲವಣ ಅಲ್ಲೇ ಉಳಿದು ರಂಧ್ರ ಮುಚ್ಚುತ್ತದೆ, ತಂಪು ಕಡಿಮೆಯಾಗುತ್ತಾ ಬರುತ್ತದೆ. ಲವಣ ತೆಗೆಯುವ ಆರ್‌ಒ ಫಿಲ್ಟರ್‌ನ ನೀರನ್ನೇ ತುಂಬಿಸಿ, ವಾರಕ್ಕೊಮ್ಮೆ ಹೊರಮೈಯನ್ನು ನಾರಿನಿಂದ ಉಜ್ಜಿ. ಮಡಕೆ ನೀರನ್ನು ತಣ್ಣಗೆ ಮಾಡುತ್ತದೆ ಅಷ್ಟೇ, ಶುದ್ಧವನ್ನೂ ಮಾಡುತ್ತದೆ ಅಂತ ನಂಬಿಕೊಳ್ಳಬೇಡಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾನು ಮಡಕೆ ಖಾಲಿ ಮಾಡಿ, ನಲ್ಲಿ ಬಿಚ್ಚಿ, ನಾಲ್ಕು ದಿನ ಬಿಸಿಲು ಕಾಣಿಸಿ ಅಟ್ಟಕ್ಕೆ ಏರಿಸುತ್ತೇನೆ. ಒಳಗೆ ತೇವ ಉಳಿದಿರುವಾಗಲೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ ಅಂತ ಅಮ್ಮ ಈಗಲೇ ಎರಡು ಸಲ ಹೇಳಿದ್ದಾರೆ. ಕುಡಿಕೆ ಮಾತ್ರ ಕೆಳಗೇ ಇರುತ್ತದೆ, ಮೊಸರಿಗೆ ಮಳೆಗಾಲ, ಬೇಸಿಗೆ ಅಂತ ಏನಿಲ್ಲವಲ್ಲ. ಗಣೇಶನ ಹಬ್ಬಕ್ಕೆ ಮಣ್ಣಿನ ಗಣೇಶ ತರಲು ಹೇಗೂ ಪಾಟರಿ ಟೌನ್‌ಗೆ ಹೋಗುತ್ತೇವೆ, ಆಗ ಎರಡನೇ ಕುಡಿಕೆ ತರಬೇಕು.